ಹೆರಿಗೆಯಲ್ಲಿ ಸೋತ ತೋಳು

ಹೆರಿಗೆಯ ಕೊನೆಯ ಗಳಿಗೆಯಲ್ಲಿ ಕೂಸಿನ ತಲೆ ಒಂದು ಕಡೆಗೂ ಭುಜ ಇನ್ನೊಂದು ಕಡೆಗೂ ಜಗ್ಗಿ, ಕತ್ತು ಮತ್ತು ಭುಜದ ನಡುವಿನ ಅಂತರ ಮಿತಿಮೀರಿ ಹಿಗ್ಗಿದರೆ, ಅಲ್ಲಿಂದ ಹಾದು ತೋಳಿಗೆ ಇಳಿಯುವ ನರಗಳು ಎಳೆತಕ್ಕೆ ಸಿಕ್ಕಿ ಗಾಯಗೊಳ್ಳುತ್ತವೆ. ಇಂಥ ಕೂಸು ಉಳಿದೆಲ್ಲ ವಿಧದಲ್ಲಿ ಆರೋಗ್ಯವಾಗಿರಬಹುದು. ಅಳುತ್ತದೆ, ಹಾಲು ಕುಡಿಯುತ್ತದೆ, ಕಾಲು ಝಾಡಿಸುತ್ತದೆ, ಆದರೆ ಒಂದು ತೋಳನ್ನು ಮಾತ್ರ ಪಕ್ಕಕ್ಕೆ ಚೆಲ್ಲಿಕೊಂಡು ಮಲಗಿರುತ್ತದೆ. ಬೇರೆ ಬೇರೆ ದೇಶಗಳ ಅಧ್ಯಯನಗಳು ಸಾವಿರ ಜೀವಂತ ಜನನಗಳಲ್ಲಿ ಅರ್ಧದಿಂದ ಮೂರರವರೆಗೆ ಇಂಥ ಗಾಯಗಳನ್ನು ಗುರುತಿಸಿವೆ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಜನಸಂಖ್ಯೆ ಸುಮಾರು 13.9 ಲಕ್ಷ; ಸಾವಿರ ಜನರಿಗೆ ವರ್ಷಕ್ಕೆ 18 ಜನನಗಳೆಂದು ಹಿಡಿದರೂ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ವರ್ಷಕ್ಕೆ 25 ಸಾವಿರ ಹೆರಿಗೆಗಳಾಗುತ್ತವೆ, ಮತ್ತು ಸಾವಿರಕ್ಕೆ ಒಂದರಂತೆ ಲೆಕ್ಕ ಹಾಕಿದರೂ ಪ್ರತಿ ವರ್ಷ ಇಪ್ಪತ್ತೈದು ಕೂಸುಗಳು ಸೋತ ತೋಳಿನೊಂದಿಗೆ ಹುಟ್ಟುತ್ತವೆ ಎಂದಾಗುತ್ತದೆ. ಇದು ಅಂದಾಜಿನ ಲೆಕ್ಕವೇ ಹೊರತು ಎಣಿಸಿದ ಸಂಖ್ಯೆಯಲ್ಲ. ಆದರೂ ಒಂದು ಶಾಲೆಯ ಒಂದು ತರಗತಿ ತುಂಬುವಷ್ಟು ಮಕ್ಕಳ ಮಾತು ಇದು.

ಈ ಗಾಯದ ಬಗ್ಗೆ ಮನೆಯ ಹಿರಿಯರೂ ಅನೇಕ ವೇಳೆ ಆಸ್ಪತ್ರೆಯ ಸಿಬ್ಬಂದಿಯೂ ಹೇಳುವ ಮಾತು ಒಂದೇ: ಚಿಂತೆ ಬೇಡ, ತಾನಾಗಿಯೇ ಸರಿಹೋಗುತ್ತದೆ. ಈ ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಹತ್ತರಲ್ಲಿ ಒಂಬತ್ತು ಮಕ್ಕಳು ಪೂರ್ಣ ಗುಣಮುಖರಾಗುತ್ತಾರೆ ಎಂದು ಹಳೆಯ ಪಠ್ಯಗಳು ಬರೆದವು. 2004ರಲ್ಲಿ ನೆದರ್ಲೆಂಡ್ಸ್‌ನ ವೈದ್ಯರು ಅದುವರೆಗಿನ ಅಧ್ಯಯನಗಳನ್ನೆಲ್ಲ ಜರಡಿ ಹಿಡಿದು ನೋಡಿದಾಗ, ನೂರರಲ್ಲಿ ಇಪ್ಪತ್ತರಿಂದ ಮೂವತ್ತು ಮಕ್ಕಳಲ್ಲಿ ಒಂದಲ್ಲ ಒಂದು ಕೊರತೆ ಶಾಶ್ವತವಾಗಿ ಉಳಿಯುತ್ತದೆ ಎಂಬ ಅಂದಾಜಿಗೆ ಬಂದರು. ಕಾಯಬೇಕಾದದ್ದು ನಿಜ, ಆದರೆ ಎಷ್ಟು ದಿನ, ಏನನ್ನು ನೋಡುತ್ತ, ಯಾವ ದಿನದ ನಂತರ ಕಾಯುವುದನ್ನು ನಿಲ್ಲಿಸಬೇಕು ಎಂಬ ಲೆಕ್ಕ ಆ ಸಮಾಧಾನದ ಮಾತಿನಲ್ಲಿ ಸೇರಿರುವುದಿಲ್ಲ, ಮತ್ತು ಆ ಲೆಕ್ಕ ತಪ್ಪಿದ ಕಾರಣಕ್ಕೇ ಗುಣವಾಗಬಹುದಾಗಿದ್ದ ಕೆಲವು ತೋಳುಗಳು ಗುಣವಾಗದೆ ಉಳಿಯುತ್ತವೆ.

ತೋಳನ್ನು ಆಳುವ ನರಗಳು ಕತ್ತಿನ ಮಟ್ಟದಲ್ಲಿ ಬೆನ್ನುಹುರಿಯಿಂದ ಐದು ಬೇರುಗಳಾಗಿ ಹೊರಡುತ್ತವೆ: ಕತ್ತಿನ ಐದನೆಯ, ಆರನೆಯ, ಏಳನೆಯ ಮತ್ತು ಎಂಟನೆಯ ನರಗಳು, ಅವುಗಳ ಕೆಳಗೆ ಎದೆಯ ಮೊದಲನೆಯ ನರ. ಇವು ಕೊರಳೆಲುಬಿನ ಹಿಂದೆ ಒಂದಕ್ಕೊಂದು ಕೂಡಿ, ಮತ್ತೆ ಕವಲೊಡೆದು, ಮತ್ತೆ ಹೆಣೆದುಕೊಂಡು ಕಂಕುಳಿನ ಮಾರ್ಗವಾಗಿ ತೋಳಿಗೆ ಇಳಿಯುತ್ತವೆ. ಈ ಹೆಣಿಗೆಯನ್ನೇ ವೈದ್ಯರು ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ, ಕನ್ನಡದಲ್ಲಿ ತೋಳಿನ ನರಜಾಲ ಎನ್ನಬಹುದು. ಮೇಲಿನ ಎರಡು ಬೇರುಗಳು ಭುಜವನ್ನು ಎತ್ತುವ, ತೋಳನ್ನು ಹೊರಕ್ಕೆ ತಿರುಗಿಸುವ, ಮೊಣಕೈ ಮಡಚುವ ಸ್ನಾಯುಗಳಿಗೆ ಹೋಗುತ್ತವೆ; ನಡುವಿನದು ಮೊಣಕೈಯನ್ನೂ ಮಣಿಕಟ್ಟನ್ನೂ ನೀಡಿ ಚಾಚುವ ಕೆಲಸದಲ್ಲಿ ದೊಡ್ಡ ಪಾಲು ಹೊತ್ತಿದೆ; ಕೆಳಗಿನ ಎರಡು ಬೇರುಗಳು ಮುಷ್ಟಿ ಕಟ್ಟುವ, ಬೆರಳಾಡಿಸುವ ಸ್ನಾಯುಗಳನ್ನು ನಡೆಸುತ್ತವೆ. ಕತ್ತು ಒಂದು ಪಕ್ಕಕ್ಕೆ ಬಾಗಿ ಭುಜ ಕೆಳಗೇ ಸಿಕ್ಕಿಕೊಂಡಾಗ ಮೊದಲು ಬಿಗಿಯುವುದು ಮೇಲಿನ ಬೇರುಗಳು, ಆದ್ದರಿಂದಲೇ ಹೆಚ್ಚಿನ ಕೂಸುಗಳಲ್ಲಿ ಭುಜ ಮತ್ತು ಮೊಣಕೈ ಸೋತಿದ್ದರೂ ಬೆರಳುಗಳು ಆಡುತ್ತವೆ, ಅಂಗೈಯಲ್ಲಿಟ್ಟ ಬೆರಳನ್ನು ಕೂಸು ಹಿಡಿದುಕೊಳ್ಳುತ್ತದೆ.

ಮೇಲ್ಬೇರುಗಳ ಈ ಸೋಲಿಗೆ ಎರ್ಬ್ಸ್ ಪಾಲ್ಸಿ ಎಂಬ ಹೆಸರು ಬಂದದ್ದು ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ ನರವೈದ್ಯನಾಗಿದ್ದ ವಿಲ್ಹೆಲ್ಮ್ ಎರ್ಬ್‌ನಿಂದ. 1874ರಲ್ಲಿ ಆತ ಗಾಯದ ಜಾಗ ಐದನೆಯ ಮತ್ತು ಆರನೆಯ ಬೇರುಗಳು ಕೂಡುವ ಸ್ಥಳವೆಂದು ತೋರಿಸಿದ. ಅದಕ್ಕೆ ಎರಡು ವರ್ಷ ಮೊದಲು ಫ್ರಾನ್ಸಿನ ದುಶೆನ್ ಹೆರಿಗೆಯಲ್ಲಿ ತೋಳು ಸೋತ ನಾಲ್ಕು ಶಿಶುಗಳನ್ನು ವರ್ಣಿಸಿದ್ದ. ಕೆಳಗಿನ ಬೇರುಗಳ ಸೋಲನ್ನು 1885ರಲ್ಲಿ ವಿವರಿಸಿದವಳು ಪ್ಯಾರಿಸ್ಸಿನಲ್ಲಿ ಇನ್ನೂ ವೈದ್ಯ ವಿದ್ಯಾರ್ಥಿನಿಯಾಗಿದ್ದ ಆಗಸ್ಟಾ ಕ್ಲುಂಪ್ಕೆ. ಆ ಬಗೆಯಲ್ಲಿ ಅಂಗೈ ಜೋಲುತ್ತದೆ, ಮತ್ತು ಕೆಲವೊಮ್ಮೆ ಅದೇ ಪಕ್ಕದ ಕಣ್ಣಿನ ರೆಪ್ಪೆ ಇಳಿಬಿದ್ದು ಪಾಪೆ ಚಿಕ್ಕದಾಗುತ್ತದೆ. ಹಾರ್ನರ್ ಲಕ್ಷಣವೆಂದು ಕರೆಯಲಾಗುವ ಈ ಗುರುತು ಕಂಡರೆ ಬೇರು ಬೆನ್ನುಹುರಿಯಿಂದಲೇ ಕಿತ್ತಿರಬಹುದೆಂಬ ಶಂಕೆ ಬಲಗೊಳ್ಳುತ್ತದೆ. ಇತಿಹಾಸದಲ್ಲಿ ಈ ಗಾಯದ ಅತ್ಯಂತ ಪರಿಚಿತ ರೋಗಿ ಜರ್ಮನಿಯ ಚಕ್ರವರ್ತಿ ಎರಡನೆಯ ವಿಲ್ಹೆಲ್ಮ್. 1859ರ ಜನವರಿ 27ರಂದು ಪೃಷ್ಠ ಮುಂದಾಗಿ ಹುಟ್ಟಿದ ಆತನ ಎಡಗೈ ಬದುಕಿನುದ್ದಕ್ಕೂ ಬಲಗೈಗಿಂತ ಸುಮಾರು 15 ಸೆಂಟಿಮೀಟರ್ ಗಿಡ್ಡವಾಗಿಯೇ ಉಳಿಯಿತು. ಆಗ ತಾನೇ ಕೊಂದ ಮೊಲದ ದೇಹದೊಳಗೆ ಕೂಸಿನ ತೋಳನ್ನಿಟ್ಟರೆ ಪ್ರಾಣಿಯ ಕಸುವು ಅದಕ್ಕೆ ಇಳಿಯುತ್ತದೆ ಎಂದು ರಾಜವೈದ್ಯರು ನಂಬಿದ್ದರು, ವಿದ್ಯುತ್ ಹಾಯಿಸಿದರು, ಕತ್ತನ್ನು ಯಂತ್ರಕ್ಕೆ ಕಟ್ಟಿ ಹಿಗ್ಗಿಸಿದರು. ಯುರೋಪಿನ ಅರಮನೆಯಲ್ಲೇ ಇಂಥ ಉಪಚಾರ ನಡೆದದ್ದನ್ನು ನೆನೆದರೆ, ಉಳುಕು ತೆಗೆಯುವವರ ಬಳಿಗೆ ಕೂಸನ್ನು ಒಯ್ಯುವ ಹಳ್ಳಿಯ ಅಜ್ಜಿಯನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲವೆನಿಸುತ್ತದೆ.

ಗಾಯಗಳೆಲ್ಲ ಒಂದೇ ತೂಕದವಲ್ಲ, ಮತ್ತು ಕಾಯುವ ಲೆಕ್ಕವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ. ನರವೆಂಬುದು ಸಾವಿರಾರು ಎಳೆಗಳನ್ನು ಒಂದು ಹೊದಿಕೆಯೊಳಗೆ ಹೊಸೆದ ಹಗ್ಗದಂಥದ್ದು. ಹಗ್ಗ ಹಿಗ್ಗಿದರೂ ಎಳೆ ಹರಿಯದಿದ್ದರೆ ಅದು ಕೆಲವು ದಿನ ಅಥವಾ ವಾರಗಳಲ್ಲಿ ತಾನೇ ಚೇತರಿಸಿಕೊಳ್ಳುತ್ತದೆ. ಹೊದಿಕೆ ಉಳಿದು ಒಳಗಿನ ಎಳೆಗಳು ಹರಿದಿದ್ದರೆ, ಹೊದಿಕೆಯ ಕೊಳವೆಯಲ್ಲಿ ಹೊಸ ಎಳೆಗಳು ನಿಧಾನವಾಗಿ ಬೆಳೆದು ಸ್ನಾಯುವನ್ನು ಮುಟ್ಟುತ್ತವೆ. ಹೊದಿಕೆ ಸಮೇತ ಹರಿದಿದ್ದರೆ ಬೆಳೆಯುವ ಎಳೆಗಳು ದಾರಿ ತಪ್ಪಿ, ಹರಿದ ತುದಿಯಲ್ಲೇ ಗಂಟುಕಟ್ಟುತ್ತವೆ. ಬ್ರಿಟಿಷ್ ಶಸ್ತ್ರವೈದ್ಯ ಹರ್ಬರ್ಟ್ ಸೆಡನ್ 1943ರಲ್ಲಿ ಈ ಮೂರು ಹಂತಗಳನ್ನು ಹೆಸರಿಟ್ಟು ವಿಂಗಡಿಸಿದ. ಇವೆಲ್ಲಕ್ಕಿಂತ ಕ್ರೂರವಾದದ್ದು ನಾಲ್ಕನೆಯದು: ಸಸಿಮಡಿಯಿಂದ ಸಸಿಯನ್ನು ಕಿತ್ತಂತೆ ನರದ ಬೇರೇ ಬೆನ್ನುಹುರಿಯಿಂದ ಕಿತ್ತುಬರುವುದು, ಇದು ಎಷ್ಟು ಕಾದರೂ ತಾನಾಗಿ ಕೂಡುವಂಥದ್ದಲ್ಲ. ಹುಟ್ಟಿದ ದಿನ ಈ ನಾಲ್ಕೂ ತೋಳುಗಳು ಹೊರಗಿನಿಂದ ನೋಡಲು ಒಂದೇ ತರಹ ಇರುತ್ತವೆ.

ಇಂಥ ಎಳೆತ ಉಂಟಾಗುವ ಮುಖ್ಯ ಸನ್ನಿವೇಶ ಭುಜ ಸಿಕ್ಕಿಕೊಳ್ಳುವುದು. ತಲೆ ಹೊರಬಂದ ಮೇಲೆ ಮುಂದಿನ ಭುಜ ತಾಯಿಯ ಅಡಿಹೊಟ್ಟೆಯ ಕೆಳತುದಿಯಲ್ಲಿರುವ ಕಿಬ್ಬೊಟ್ಟೆಯ ಎಲುಬಿನ ಹಿಂದೆ ತಡೆದು ನಿಲ್ಲುತ್ತದೆ, ಹೊರಬಂದ ತಲೆ ಆಮೆ ಕತ್ತು ಎಳೆದುಕೊಂಡಂತೆ ಮತ್ತೆ ಒಳಕ್ಕೆ ಸೆಳೆದುಕೊಳ್ಳುತ್ತದೆ. ಕೂಸಿನ ಉಸಿರಿಗೆ ಉಳಿದಿರುವುದು ಕೆಲವೇ ನಿಮಿಷ. ಆ ಗಾಬರಿಯಲ್ಲಿ ತಲೆಯನ್ನು ಹಿಡಿದು ಕೆಳಕ್ಕೆ ಬಾಗಿಸಿ ಎಳೆಯುವುದು ಸಹಜ ಪ್ರತಿಕ್ರಿಯೆ, ಮತ್ತು ನರಜಾಲಕ್ಕೆ ಅತ್ಯಂತ ಅಪಾಯಕಾರಿಯಾದ ಪ್ರತಿಕ್ರಿಯೆಯೂ ಅದೇ. ಇದರ ಜೊತೆಗೆ ಇನ್ನೊಂದು ತಪ್ಪು ಸೇರುತ್ತದೆ. ಹೆರಿಗೆ ತಡವಾದಾಗ ಹೊಟ್ಟೆಯ ಮೇಲ್ಭಾಗವನ್ನು, ಅಂದರೆ ಗರ್ಭಕೋಶದ ತುದಿಯನ್ನು, ಬಲವಾಗಿ ಕೆಳಕ್ಕೆ ಒತ್ತುವ ಅಭ್ಯಾಸ ಮನೆಗಳಲ್ಲೂ ಹೆರಿಗೆ ಕೋಣೆಗಳಲ್ಲೂ ಬಹುಕಾಲದಿಂದ ಇದೆ. ಭುಜ ಸಿಕ್ಕಿಕೊಂಡ ಹೊತ್ತಿನಲ್ಲಿ ಹಾಗೆ ಒತ್ತಿದರೆ ಭುಜ ಎಲುಬಿಗೆ ಇನ್ನಷ್ಟು ಬಿಗಿಯಾಗಿ ತಾಕುತ್ತದೆ. ಒತ್ತಬೇಕಾದ ಜಾಗ ಬೇರೆ. ಕಿಬ್ಬೊಟ್ಟೆಯ ಎಲುಬಿನ ಮೇಲ್ಗಡೆ, ಕೂಸಿನ ಬೆನ್ನಿನ ಪಕ್ಕದಿಂದ, ಅಂಗೈಯ ಬುಡದಿಂದ ಓರೆಯಾಗಿ ಒತ್ತಿದರೆ ಭುಜ ಎದೆಯ ಕಡೆಗೆ ಮಡಚಿ ಕಿರಿದಾಗಿ ಜಾರುತ್ತದೆ. ಹೊಟ್ಟೆಯ ಮೇಲೆ ಗೇಣುದ್ದದ ಅಂತರದಲ್ಲಿರುವ ಈ ಎರಡು ಜಾಗಗಳ ವ್ಯತ್ಯಾಸ ತಿಳಿದಿರುವುದರ ಮೇಲೆ ಕೂಸಿನ ತೋಳು ನಿಂತಿದೆ.

ಅದಕ್ಕೂ ಮೊದಲು ಮಾಡಬೇಕಾದದ್ದು ತಾಯಿಯ ಎರಡೂ ತೊಡೆಗಳನ್ನು ಹೊಟ್ಟೆಯ ಕಡೆಗೆ ಪೂರ್ತಿ ಮಡಚಿ ಹಿಡಿಯುವುದು. ಅಮೆರಿಕದ ಹೂಸ್ಟನ್‌ನ ವೈದ್ಯ ಮೆಕ್‌ರಾಬರ್ಟ್ಸ್ ಹೆಸರಿನಲ್ಲಿ 1983ರಿಂದ ಪುಸ್ತಕಗಳಲ್ಲಿ ನೆಲೆಸಿದ ಈ ಭಂಗಿಗೆ ಯಾವ ಉಪಕರಣವೂ ಬೇಡ, ಇಬ್ಬರು ಸಹಾಯಕರಿದ್ದರೆ ಸಾಕು. ತೊಡೆ ಮಡಚಿದಾಗ ಸೊಂಟದ ಮೂಳೆಯ ಕೋನ ಬದಲಾಗಿ ಭುಜಕ್ಕೆ ದಾರಿ ಬಿಡುತ್ತದೆ. ಹಿಂದಿನ ಕಾಲದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹಡೆದ ಹೆಂಗಸರ ತೊಡೆಗಳು ತಾವಾಗಿಯೇ ಹೀಗೆ ಮಡಚಿರುತ್ತಿದ್ದವು ಎಂಬುದು ಗಮನಿಸಬೇಕಾದ ಸಂಗತಿ. ತಾಯಿಯನ್ನು ಅಂಗೈ ಮತ್ತು ಮಂಡಿಗಳ ಮೇಲೆ ತಿರುಗಿಸುವ ಮತ್ತೊಂದು ಉಪಾಯ ಅಮೆರಿಕದ ಸೂಲಗಿತ್ತಿ ಐನಾ ಮೇ ಗ್ಯಾಸ್ಕಿನ್ ಹೆಸರಿನಲ್ಲಿದೆ, ಆದರೆ ಅದರ ಮೂಲ ಗ್ವಾಟೆಮಾಲದ ಬೆಟ್ಟದೂರುಗಳ ಸೂಲಗಿತ್ತಿಯರಲ್ಲಿತ್ತೆಂದು ಆಕೆಯೇ ಹೇಳಿದ್ದಾಳೆ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾಡು ಸಂಭ್ರಮಿಸಿತು. ಆದರೆ ಅಂಥ ಕೈಗಳಿಗೆ ತಿಳಿದಿದ್ದುದನ್ನು ಬರೆದು, ಪರೀಕ್ಷಿಸಿ, ಸರಿಯಿದ್ದುದನ್ನು ಹೆರಿಗೆ ಕೋಣೆಗೆ ತರುವ ಕೆಲಸ ಕನ್ನಡ ನಾಡಿನಲ್ಲಿ ಆಗಬೇಕಾದಷ್ಟು ಆಗಲಿಲ್ಲವೆಂಬುದು ವಿಷಾದದ ಮಾತು.

ಮೊದಲೇ ಸಿಸೇರಿಯನ್ ಮಾಡಿದರೆ ಈ ಗಾಯವನ್ನೇ ತಪ್ಪಿಸಬಹುದಲ್ಲವೇ ಎಂಬ ಪ್ರಶ್ನೆ ಏಳುತ್ತದೆ. 1996ರಲ್ಲಿ ಪ್ರಕಟವಾದ ಅಮೆರಿಕದ ಒಂದು ಲೆಕ್ಕಾಚಾರದ ಪ್ರಕಾರ, ಕೂಸಿನ ತೂಕ ನಾಲ್ಕೂವರೆ ಕೆ.ಜಿ. ಮೀರಿದೆಯೆಂದು ಸ್ಕ್ಯಾನಿಂಗ್ ಹೇಳಿದ, ಮಧುಮೇಹವಿಲ್ಲದ ತಾಯಂದಿರಿಗೆಲ್ಲ ಸಿಸೇರಿಯನ್ ಮಾಡುತ್ತ ಹೋದರೆ, ಒಂದು ಶಾಶ್ವತ ನರಗಾಯವನ್ನು ತಪ್ಪಿಸಲು 3,695 ಶಸ್ತ್ರಚಿಕಿತ್ಸೆಗಳು ಬೇಕಾಗುತ್ತವೆ. ಮಧುಮೇಹವಿದ್ದವರಲ್ಲಿ ಈ ಸಂಖ್ಯೆ 443. ಭುಜ ಸಿಕ್ಕಿಕೊಳ್ಳುವ ಹೆರಿಗೆಗಳಲ್ಲಿ ಅರ್ಧದಷ್ಟು ನಾಲ್ಕು ಕೆ.ಜಿ.ಗಿಂತ ಕಡಿಮೆ ತೂಕದ ಕೂಸುಗಳದ್ದೇ ಆಗಿರುವುದರಿಂದ ತೂಕವೊಂದನ್ನೇ ನಂಬುವಂತಿಲ್ಲ. ಭಾರತದ ಕೂಸುಗಳ ಸರಾಸರಿ ಜನನ ತೂಕ ಸುಮಾರು 2.8 ಕೆ.ಜಿ. ಮಾತ್ರ, ಇಲ್ಲಿ ಕೂಸಿನ ತೂಕದಷ್ಟೇ ತಾಯಿಯ ಎತ್ತರ, ಸೊಂಟದ ಅಳತೆ, ಆಕೆಯ ವಯಸ್ಸು ಮುಖ್ಯವಾಗುತ್ತವೆ, ಮತ್ತು ಬಾಲ್ಯವಿವಾಹ ಇನ್ನೂ ನಿಲ್ಲದ ಕಲ್ಯಾಣ ಕರ್ನಾಟಕದಲ್ಲಿ ಮೈ ತುಂಬುವ ಮೊದಲೇ ಹೆರಿಗೆ ನೋವು ತಿನ್ನುವ ಹುಡುಗಿಯರ ಪ್ರಶ್ನೆ ಇದರಿಂದ ಬೇರೆಯಲ್ಲ. ಗರ್ಭಿಣಿಯ ಸಕ್ಕರೆ ಕಾಯಿಲೆ ಕೂಸಿನ ಭುಜ ಮತ್ತು ಎದೆಯನ್ನು ತಲೆಗಿಂತ ಹೆಚ್ಚು ದಪ್ಪಗೊಳಿಸುತ್ತದೆ. ಅದನ್ನು ಹಿಡಿಯಲು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ಪರೀಕ್ಷಿಸುವ, 140 ಮಿಲಿಗ್ರಾಂ ಮುಟ್ಟಿದರೆ ಎಚ್ಚರಿಸುವ ವಿಧಾನ ರಾಷ್ಟ್ರೀಯ ಮಾರ್ಗಸೂಚಿಯಲ್ಲೇ ಇದೆ, ಮೊದಲ ಭೇಟಿಯಲ್ಲಿ ಒಮ್ಮೆ, 24ರಿಂದ 28ನೆಯ ವಾರದಲ್ಲಿ ಇನ್ನೊಮ್ಮೆ. ಹಿಂದಿನ ಹೆರಿಗೆಯಲ್ಲಿ ಭುಜ ಸಿಕ್ಕಿದ್ದರೆ ಅದನ್ನು ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳುವುದು ಇವೆಲ್ಲಕ್ಕಿಂತ ಸುಲಭವಾದ ಮುನ್ನೆಚ್ಚರಿಕೆ.

ನಿಜವಾದ ಫಲ ಕೊಟ್ಟಿರುವುದು ತರಬೇತಿ. ಇಂಗ್ಲೆಂಡಿನ ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆಯಲ್ಲಿ ವೈದ್ಯರು, ಶುಶ್ರೂಷಕಿಯರು, ಸೂಲಗಿತ್ತಿಯರು ಒಟ್ಟಾಗಿ ಗೊಂಬೆಯ ಮೇಲೆ ಈ ಹೆರಿಗೆಯನ್ನು ಅಭ್ಯಾಸ ಮಾಡಲು ಶುರುಮಾಡಿದ ಮೇಲೆ, ಭುಜ ಸಿಕ್ಕಿದ ಹೆರಿಗೆಗಳಲ್ಲಿ ಕೂಸಿಗೆ ಗಾಯವಾಗುವ ಪ್ರಮಾಣ ಶೇ 9.3ರಿಂದ ಶೇ 2.3ಕ್ಕೆ ಇಳಿದದ್ದು 2008ರಲ್ಲಿ ವರದಿಯಾಯಿತು. ಕೊಪ್ಪಳದಲ್ಲಿ 2015ರಲ್ಲಿ ವೈದ್ಯಕೀಯ ವಿಜ್ಞಾನ ಸಂಸ್ಥೆ ಆರಂಭವಾಗಿದೆ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಒಂದು ಗೊಂಬೆ, ತಿಂಗಳಿಗೊಂದು ಮಧ್ಯಾಹ್ನ, ರಾತ್ರಿ ಪಾಳಿಯ ಸಿಸ್ಟರ್‌ಗಳನ್ನೂ ಒಳಗೊಂಡ ಅಭ್ಯಾಸ ಇಷ್ಟನ್ನು ನಡೆಸಲು ಹೊಸ ಕಟ್ಟಡ ಬೇಕಿಲ್ಲ. ಆದರೂ ಪ್ರತಿ ಗಾಯಕ್ಕೂ ಯಾರದೋ ಕೈಯೇ ಕಾರಣವೆಂದು ತೀರ್ಮಾನಿಸುವುದು ನ್ಯಾಯವಲ್ಲ. ತಾಯಿಯ ನೋವಿನ ಒತ್ತಡದಿಂದಲೇ ನರಜಾಲ ಜಗ್ಗಬಹುದು, ಸಿಸೇರಿಯನ್‌ನಲ್ಲಿ ಹುಟ್ಟಿದ ಕೂಸುಗಳಲ್ಲೂ ಈ ಗಾಯ ಕಂಡಿದೆ. ತಲೆ ಬಂದ ಹೊತ್ತು, ದೇಹ ಬಂದ ಹೊತ್ತು, ಮುಂದೆ ಇದ್ದದ್ದು ಎಡ ಭುಜವೋ ಬಲ ಭುಜವೋ, ಯಾವ ಉಪಾಯಗಳನ್ನು ಯಾವ ಕ್ರಮದಲ್ಲಿ ಮಾಡಲಾಯಿತು ಎಂಬುದನ್ನು ಅಂದೇ ಬರೆದಿಡುವುದು ತಾಯಿಗೂ ನ್ಯಾಯ, ಹೆರಿಗೆ ಮಾಡಿಸಿದವರಿಗೂ ನ್ಯಾಯ.

ಕೂಸು ಹುಟ್ಟಿದ ಮೊದಲ ದಿನ ನೋಡಬೇಕಾದ ಗುರುತುಗಳು ಸರಳವಾಗಿವೆ. ಸೋತ ತೋಳು ದೇಹಕ್ಕೆ ಅಂಟಿ, ಒಳಕ್ಕೆ ತಿರುಗಿ, ಮೊಣಕೈ ನೇರವಾಗಿ, ಮಣಿಕಟ್ಟು ಮಡಚಿ, ಅಂಗೈ ಹಿಂದಕ್ಕೆ ಮುಖಮಾಡಿ ಬಿದ್ದಿರುತ್ತದೆ. ತಲೆಯನ್ನು ಅಂಗೈಯಲ್ಲಿ ಆಧರಿಸಿಕೊಂಡೇ ತುಸು ಕೆಳಕ್ಕೆ ಇಳಿಸಿದಾಗ ಕೂಸು ಬೆಚ್ಚಿ ಎರಡೂ ತೋಳು ಚಾಚುವ ಮೋರೋ ಪ್ರತಿವರ್ತನೆಯಲ್ಲಿ ಒಂದೇ ತೋಳು ಏಳುತ್ತದೆ. ಆದರೆ ಆಡದ ತೋಳೆಲ್ಲ ನರದ ಗಾಯವಲ್ಲ: ಕೊರಳೆಲುಬು ಅಥವಾ ತೋಳೆಲುಬು ಮುರಿದಿದ್ದರೂ ನೋವಿಗೆ ಕೂಸು ಕೈ ಆಡಿಸುವುದಿಲ್ಲ, ಮತ್ತು ಮೊದಲು ಚೆನ್ನಾಗಿ ಆಡುತ್ತಿದ್ದ ತೋಳು ಕೆಲವು ದಿನಗಳ ನಂತರ ನಿಂತುಹೋದರೆ ಅದು ಕೀಲಿನಲ್ಲಿ ಅಥವಾ ಎಲುಬಿನಲ್ಲಿ ಕೀವು ತುಂಬುತ್ತಿರುವ ಲಕ್ಷಣವಾಗಿರಬಹುದಾದ್ದರಿಂದ ಒಂದು ರಾತ್ರಿಯೂ ಕಾಯುವಂತಿಲ್ಲ. ಎದೆ ಮತ್ತು ಹೊಟ್ಟೆಯ ನಡುವಿನ ವಪೆಯನ್ನು ಆಡಿಸುವ ನರ ಕತ್ತಿನ ಮೂರು, ನಾಲ್ಕು, ಐದನೆಯ ಬೇರುಗಳಿಂದ ಬರುವುದರಿಂದ, ತೋಳು ಸೋತ ಕೂಸು ಏದುಸಿರು ಬಿಡುತ್ತಿದ್ದರೆ ಆ ನರಕ್ಕೂ ಪೆಟ್ಟಾಗಿದೆಯೇ ಎಂದು ನೋಡಬೇಕು.

ಇನ್ನು ಕಾಯುವ ಲೆಕ್ಕ. ಹರಿದ ನರದ ಎಳೆಗಳು ದಿನಕ್ಕೆ ಸುಮಾರು ಒಂದು ಮಿಲಿಮೀಟರ್‌ನಂತೆ ಬೆಳೆಯುತ್ತವೆ. ಕೂಸಿನ ಕತ್ತಿನಿಂದ ಬೈಸೆಪ್ಸ್ ಎಂಬ ಮೊಣಕೈ ಮಡಚುವ ಸ್ನಾಯುವಿನವರೆಗೆ ಹತ್ತು ಸೆಂಟಿಮೀಟರ್ ಒಳಗಿನ ದಾರಿ, ಅಂದರೆ ಸುಮಾರು ಮೂರು ತಿಂಗಳ ಪಯಣ. ಅಂಗೈಯ ಸಣ್ಣ ಸ್ನಾಯುಗಳಿಗೆ ಗೇಣಿನಷ್ಟು, ಅಂದರೆ ಏಳೆಂಟು ತಿಂಗಳು. ಇತ್ತ ನರದ ಸಂಪರ್ಕ ಕಳೆದುಕೊಂಡ ಸ್ನಾಯು ಸುಮ್ಮನೆ ಕಾಯುವುದಿಲ್ಲ, ದಿನದಿನಕ್ಕೆ ಸೊರಗಿ, ಒಂದರಿಂದ ಒಂದೂವರೆ ವರ್ಷದೊಳಗೆ ನರ ಬಂದು ಮುಟ್ಟಿದರೂ ಎಚ್ಚೆತ್ತುಕೊಳ್ಳದ ಸ್ಥಿತಿಗೆ ಇಳಿಯುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ ನೀರನ್ನು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ: ಗಂಗಾವತಿ ಕಡೆಯ ಗದ್ದೆಗೆ ನೀರು ಬೇಗ ಹರಿಯುತ್ತದೆ, ಮಾನ್ವಿ, ಸಿರವಾರಗಳ ಕೊನೆಭಾಗದ ಹೊಲಕ್ಕೆ ಬರುವಾಗ ತಡವಾದರೆ ಪೈರು ಒಣಗಿರುತ್ತದೆ, ಆಮೇಲೆ ನೀರು ಬಂದರೂ ಆ ಬೆಳೆ ಏಳುವುದಿಲ್ಲ. ತೋಳಿನಲ್ಲಿ ಭುಜ ನಾಲೆಯ ಮೇಲ್ಭಾಗ, ಬೆರಳುಗಳು ಕೊನೆಭಾಗ.

ಮೂರು ತಿಂಗಳಿಗೆ ಮೊಣಕೈ ಮಡಚುತ್ತದೆಯೇ ಎಂಬ ಪ್ರಶ್ನೆಗೆ ವೈದ್ಯರು ಅಷ್ಟು ಬೆಲೆ ಕೊಡುವುದು ಈ ಕಾರಣಕ್ಕೆ. ಪ್ಯಾರಿಸ್ಸಿನ ಶಸ್ತ್ರವೈದ್ಯ ಅಲೈನ್ ಗಿಲ್ಬರ್ಟ್ 1980ರ ದಶಕದಲ್ಲಿ, ಮೂರು ತಿಂಗಳಾದರೂ ಬೈಸೆಪ್ಸ್ ಎಚ್ಚರಗೊಳ್ಳದ ಕೂಸುಗಳಿಗೆ ನರದ ಶಸ್ತ್ರಚಿಕಿತ್ಸೆ ಬೇಕೆಂದು ವಾದಿಸಿದ. ಕೆಲವು ಕೇಂದ್ರಗಳು ಇನ್ನೂ ಕೆಲವು ತಿಂಗಳು ನೋಡುತ್ತವೆ, ಆದರೆ ಮೂರರಿಂದ ಒಂಬತ್ತು ತಿಂಗಳ ನಡುವೆ ತೀರ್ಮಾನವಾಗಬೇಕೆಂಬುದರಲ್ಲಿ ಹೆಚ್ಚಿನ ಭಿನ್ನಮತವಿಲ್ಲ. ಒಂದು ತಿಂಗಳಿಗೆ ತೋಳು ಪೂರ್ತಿ ಚೇತರಿಸಿಕೊಳ್ಳದಿದ್ದರೆ ಆಗಲೇ ತಜ್ಞರಿಗೆ ತೋರಿಸಬೇಕೆಂಬುದು ಇಂದಿನ ಸಲಹೆ. ಕಾಲಿನ ಮೀನಖಂಡದಲ್ಲಿರುವ, ತೆಗೆದರೂ ಪಾದದ ಅಂಚಿನ ಸ್ಪರ್ಶ ಮಾತ್ರ ಕುಂದಿಸುವ ಒಂದು ನರವನ್ನು ತಂದು ಹರಿದ ತುದಿಗಳ ನಡುವೆ ಸೇತುವೆಯಂತೆ ಹೊಲಿಯುವುದು ಒಂದು ವಿಧಾನ; ಬೇರೇ ಕಿತ್ತುಹೋಗಿದ್ದರೆ ಭುಜ ಕುಣಿಸುವ ನರದ ಕವಲನ್ನೋ ಪಕ್ಕೆಲುಬುಗಳ ನಡುವಿನ ನರವನ್ನೋ ತಿರುಗಿಸಿ ಸೋತ ಸ್ನಾಯುವಿನ ನರಕ್ಕೆ ಜೋಡಿಸುವುದು ಇನ್ನೊಂದು. ಸೂಕ್ಷ್ಮದರ್ಶಕದ ಕೆಳಗೆ, ಕೂದಲಿಗಿಂತ ತೆಳುವಾದ ದಾರದಲ್ಲಿ ನಡೆಯುವ ಈ ಕೆಲಸಕ್ಕೆ ಕೊಪ್ಪಳದವರು ಬೆಂಗಳೂರಿನಂಥ ದೊಡ್ಡ ನಗರಗಳಿಗೇ ಹೋಗಬೇಕಾದೀತು, ಹಾಗಾಗಿ ದಾರಿಗೂ ದುಡ್ಡಿಗೂ ಬೇಕಾಗುವ ಸಮಯವನ್ನು ಲೆಕ್ಕಕ್ಕೆ ಹಿಡಿದು ಮೊದಲ ತಿಂಗಳಿನಿಂದಲೇ ಹೊರಡಬೇಕು.

ನರ ಬೆಳೆಯುವ ತಿಂಗಳುಗಳಲ್ಲಿ ಕೀಲುಗಳು ಸಡಿಲವಾಗಿ ಉಳಿಯಬೇಕು. ಒಳಕ್ಕೆ ತಿರುಗಿಸುವ ಸ್ನಾಯುಗಳು ಗಟ್ಟಿಯಾಗಿದ್ದು ಹೊರಕ್ಕೆ ತಿರುಗಿಸುವವು ಸೋತಿರುವುದರಿಂದ ಭುಜ ಒಳಮುಖವಾಗಿಯೇ ಬಿಗಿಯುತ್ತದೆ, ಬೆಳೆಯುವ ಕೀಲಿನ ಬಟ್ಟಲು ಚಪ್ಪಟೆಯಾಗುತ್ತದೆ, ಎಲುಬಿನ ಗುಂಡು ಹಿಂದಕ್ಕೆ ಜಾರುತ್ತದೆ; ಆಮೇಲೆ ನರ ಚೇತರಿಸಿದರೂ ತೋಳು ಏಳುವುದಿಲ್ಲ. ಎಲುಬು ಮುರಿದಿಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ ಎರಡನೆಯ ವಾರದ ಹೊತ್ತಿಗೆ ಆರಂಭವಾಗಬೇಕಾದ ವ್ಯಾಯಾಮಗಳಲ್ಲಿ ಬಹು ಮುಖ್ಯವಾದದ್ದು ಒಂದು: ಕೂಸಿನ ಮೊಣಕೈಯನ್ನು ಮಡಚಿ ಪಕ್ಕೆಗೆ ಒತ್ತಿ ಹಿಡಿದು, ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತೆರೆಯುವುದು. ತೋಳನ್ನು ಮೇಲಕ್ಕೆತ್ತುವುದು, ಮೊಣಕೈ ನೀಡುವುದು, ಅಂಗೈ ಮೇಲೆ ಮಾಡುವುದು, ಬೆರಳು ಬಿಡಿಸುವುದು ಇವು ಅದರೊಂದಿಗೆ ಸೇರುತ್ತವೆ, ಮತ್ತು ಪ್ರತಿಸಲ ಬಟ್ಟೆ ಬದಲಿಸುವಾಗ ಹತ್ತು ಹತ್ತು ಬಾರಿ ಮಾಡಿದರೆ ಬೇರೆ ಸಮಯ ಬೇಕಾಗುವುದಿಲ್ಲ. ತೋಳನ್ನು ತಲೆಯ ಪಕ್ಕಕ್ಕೆ ಎತ್ತಿ ಪಿನ್ನು ಹಾಕಿ ಕಟ್ಟಿಡುವ ಹಳೆಯ ಪದ್ಧತಿ ಕೀಲನ್ನು ಕೆಡಿಸುತ್ತದೆಂದು ತಿಳಿದು ಬಿಟ್ಟುಬಿಡಲಾಗಿದೆ.

ಈ ವ್ಯಾಯಾಮವನ್ನು ಕಲಿಸಬೇಕಾದದ್ದು ತಾಯಿಗೆ ಮಾತ್ರವಲ್ಲ. ಕೊಪ್ಪಳ ಸೀಮೆಯ ಬಾಣಂತನದಲ್ಲಿ ಕೂಸಿನ ಮೈಯನ್ನು ಎಲ್ಲರಿಗಿಂತ ಹೆಚ್ಚು ಬಲ್ಲವಳು ಅದಕ್ಕೆ ನಿತ್ಯ ಎಣ್ಣೆ ಹಚ್ಚಿ ನೀರು ಎರೆಯುವ ಹಿರಿಯ ಹೆಣ್ಣುಮಗಳು. ಕಾಲು ಚಾಚಿ ಕೂತು, ಕೂಸನ್ನು ಮೇಲೆ ಹಾಕಿಕೊಂಡು, ಕೈಕಾಲು ನೀವಿ, ಮಡಚಿ, ಅಡ್ಡಡ್ಡ ಎಳೆಯುವ ಆಕೆಯ ಕೈಯಲ್ಲಿ ಪೀಳಿಗೆಗಳ ಪಳಗಿಕೆ ಇದೆ. ಆ ಕೈಯನ್ನು ದೂರವಿಡುವುದಕ್ಕಿಂತ ಅದಕ್ಕೆ ನಾಲ್ಕು ಮಾತು ಹೇಳಿಕೊಡುವುದು ವ್ಯಾಯಾಮಚಿಕಿತ್ಸಕರಿಗೆ ಹೆಚ್ಚು ಫಲ ಕೊಡುತ್ತದೆ: ಸೋತ ತೋಳನ್ನು ಹಿಡಿದು ಕೂಸನ್ನು ಎತ್ತಬಾರದು, ಕಂಕುಳಲ್ಲಿ ಕೈಯಿಟ್ಟು ತೂಗಬಾರದು, ಅಂಗಿ ಹಾಕುವಾಗ ಸೋತ ಕೈ ಮೊದಲು, ತೆಗೆಯುವಾಗ ಅದೇ ಕೊನೆಗೆ. ಇನ್ನೊಂದು ಎಚ್ಚರಿಕೆ ಇವೆಲ್ಲಕ್ಕಿಂತ ತುರ್ತಿನದು. ಗಾಯಗೊಂಡ ನರ ಚಲನೆಯನ್ನಷ್ಟೇ ಅಲ್ಲ, ಸ್ಪರ್ಶವನ್ನೂ ಕಳೆದುಕೊಂಡಿರಬಹುದು. ಬಾಣಂತಿ ಮತ್ತು ಕೂಸಿಗೆ ಕೆಂಡದ ಕಾವು ಕೊಡುವ, ಸುಡುವಷ್ಟು ಬಿಸಿನೀರು ಹೊಯ್ಯುವ ಮನೆಯಲ್ಲಿ ಆ ಕೈ ಸುಟ್ಟರೂ ಕೂಸು ಅಳುವುದಿಲ್ಲ. ಸೋತ ತೋಳಿಗೆ ಬರೆ ಹಾಕುವುದಂತೂ ಅರಿವಿಲ್ಲದ ಚರ್ಮದ ಮೇಲೆ ಇನ್ನೊಂದು ಗಾಯವನ್ನು ಸೇರಿಸುತ್ತದೆಯೇ ಹೊರತು ನರಕ್ಕೆ ಏನನ್ನೂ ಮಾಡುವುದಿಲ್ಲ.

ಲೆಕ್ಕ ತಪ್ಪುವುದು ಹೆಚ್ಚಾಗಿ ದಾರಿಯಲ್ಲಿ. ಚೊಚ್ಚಲ ಹೆರಿಗೆ ತವರುಮನೆಯಲ್ಲಿ ಆಗುವುದು ರೂಢಿ. ಕುಷ್ಟಗಿಯ ಸೊಸೆ ಗಂಗಾವತಿಯ ತವರಿನಲ್ಲಿ ಹಡೆದು, ಮೂರನೆಯ ಅಥವಾ ಐದನೆಯ ತಿಂಗಳಲ್ಲಿ ತೊಟ್ಟಿಲು ಸಮೇತ ಗಂಡನ ಮನೆಗೆ ಬರುವಾಗ, ತವರೂರಿನ ಆಶಾ ಕಾರ್ಯಕರ್ತೆಯ ಪಟ್ಟಿಯಿಂದ ಕೂಸಿನ ಹೆಸರು ಹೊರಬಿದ್ದು ಗಂಡನೂರಿನ ಪಟ್ಟಿಗೆ ಸೇರುವ ಮೊದಲು ನಿರ್ಣಾಯಕ ವಾರಗಳು ಕಳೆದಿರುತ್ತವೆ. ನೀರಾವರಿಯಿಲ್ಲದ ಕುಷ್ಟಗಿ, ಯಲಬುರ್ಗಾಗಳಿಂದ ಬೆಂಗಳೂರು, ಮಂಗಳೂರು, ಗೋವೆಗೆ ಗುಳೆ ಹೋಗುವ ಕುಟುಂಬಗಳಲ್ಲಿ ಕೂಸು ಕಟ್ಟಡದ ನೆರಳಿನಲ್ಲಿ ಜೋಳಿಗೆಯಲ್ಲಿ ಬೆಳೆಯುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆಗೆ ಇದೆಯಾದರೂ ಅದರ ಮೂಲ ಪಟ್ಟಿಯ ಒಂಬತ್ತು ಜನ್ಮದೋಷಗಳಲ್ಲಿ ಈ ಗಾಯದ ಹೆಸರಿಲ್ಲ. ಇದು ದೋಷವಲ್ಲ, ಗಾಯ. ಚಲನೆಯ ಬೆಳವಣಿಗೆ ತಡವಾಗಿದೆ ಎಂಬ ಹೆಸರಿನಲ್ಲಿ ಕೂಸು ಗಮನಕ್ಕೆ ಬರುವ ಹೊತ್ತಿಗೆ ನರದ ಕಾಲ ಮುಗಿಯುತ್ತ ಬಂದಿರುತ್ತದೆ.

ಇದಕ್ಕೆ ಹೊಸ ಯೋಜನೆ ಬೇಕಿಲ್ಲ, ಏಕೆಂದರೆ ಬೇಕಾದ ಪಂಚಾಂಗ ಆಗಲೇ ಇದೆ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸಿನ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನ ಬರುತ್ತಾಳೆ. ಆರು, ಹತ್ತು, ಹದಿನಾಲ್ಕು ವಾರಕ್ಕೆ ಲಸಿಕೆ ಇದೆ, ಒಂಬತ್ತು ತಿಂಗಳು ತುಂಬಿದಾಗ ದಡಾರದ ಲಸಿಕೆ ಇದೆ, ಮತ್ತು ಗುಳೆ ಹೋದವರೂ ಲಸಿಕೆ ಕಾರ್ಡನ್ನು ಗಂಟಿನಲ್ಲಿ ಕಟ್ಟಿಕೊಂಡೇ ಹೋಗುತ್ತಾರೆ. 28ನೆಯ ದಿನ ಎರಡೂ ತೋಳು ಸಮನಾಗಿ ಏಳದಿದ್ದರೆ ಅಂದೇ ಜಿಲ್ಲಾ ಆಸ್ಪತ್ರೆಗೆ ಚೀಟಿ. ಹತ್ತನೆಯ ವಾರದ ಸೂಜಿಯ ದಿನ ಕೂಸು ಮೊಣಕೈ ಮಡಚುತ್ತದೆಯೇ ಎಂದು ಎಎನ್ಎಂ ನೋಡಿ ಕಾರ್ಡಿನ ಅಂಚಿನಲ್ಲಿ ಬರೆಯುವುದು, ಮಡಚದಿದ್ದರೆ ಹದಿನಾಲ್ಕನೆಯ ವಾರದೊಳಗೆ ಶಸ್ತ್ರವೈದ್ಯರಿಗೆ ತೋರಿಸುವುದು. ಒಂಬತ್ತನೆಯ ತಿಂಗಳಿಗೆ ಟೊರಾಂಟೊದ ಮಕ್ಕಳ ಆಸ್ಪತ್ರೆಯ ವೈದ್ಯರು ರೂಪಿಸಿದ ಒಂದು ಪರೀಕ್ಷೆ ಇದೆ, ಉಪಕೇಂದ್ರದಲ್ಲೂ ಅಂಗನವಾಡಿಯಲ್ಲೂ ಅದನ್ನು ಮಾಡಬಹುದು: ಸೋತ ಪಕ್ಕದ ಮೇಲ್ದೋಳನ್ನು ಮೆಲ್ಲಗೆ ಕೂಸಿನ ಪಕ್ಕೆಗೆ ಹಿಡಿದು, ಅದರ ಅಂಗೈಯಲ್ಲಿ ಒಂದು ಬಿಸ್ಕತ್ತು ಇಡಬೇಕು, ಕೂಸು ಕತ್ತನ್ನು ಹೆಚ್ಚು ಬಗ್ಗಿಸದೆ ಅದನ್ನು ಬಾಯಿಗೆ ಒಯ್ಯುತ್ತದೆಯೇ ನೋಡಬೇಕು. ಬಿಸ್ಕತ್ತು ಬಾಯಿ ಮುಟ್ಟದಿದ್ದರೆ, ನರದ ಶಸ್ತ್ರಚಿಕಿತ್ಸೆಗೆ ಆ ಕೂಸಿನ ಪಾಲಿಗೆ ಇನ್ನು ಕೆಲವೇ ವಾರಗಳು ಉಳಿದಿವೆ.